ಪಂಜೆ ಮಾಸ್ತರರ ಪದ್ಯ, ನಮ್ಮ ಮಕ್ಕಳ ನಾಲಗೆ

ಉಮದಿ, ಸಂಖ, ಮಾಡಗ್ಯಾಳದ ಕಡೆಯ ಕನ್ನಡ ಶಾಲೆಗಳಲ್ಲಿ ಒಂದನೇ ಇಯತ್ತೆಗೆ ಬಂದು ಕೂಡುವ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ ಎಂಬುದನ್ನು ಈ ಪುಟದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ತಾಂಡಾದ ಕೂಸಿಗೆ ಮನೆಯಲ್ಲಿ ಲಂಬಾಣಿ, ಇನ್ನೊಂದಕ್ಕೆ ಮರಾಠಿ, ಮತ್ತೊಂದಕ್ಕೆ ದಖನಿ ಉರ್ದು. ಮಾಸ್ತರರು ಹಲಗೆಯ ಮೇಲೆ ಬೆಳೆ, ಬೇಳೆ, ಬೆಲೆ ಎಂದು ಬರೆದು ಓದಿಸಿದರೆ ಉರ್ದು ಮನೆಯ ಹುಡುಗನಿಗೆ ಬೆಳೆಯೂ ಬೆಲೆಯೂ ಒಂದೇ ಆಗುತ್ತದೆ. ಮರಾಠಿ ಮನೆಯ ಹುಡುಗಿಗೆ ಬೆಳೆಯೂ ಬೇಳೆಯೂ ಒಂದೇ. ಉರ್ದುವಿನಲ್ಲಿ ಳಕಾರವಿಲ್ಲ. ಮರಾಠಿಯಲ್ಲಿ ಎ ಬೇರೆ ಏ ಬೇರೆ ಎಂಬ ಲೆಕ್ಕವಿಲ್ಲ, ಒ ಬೇರೆ ಓ ಬೇರೆ ಎಂಬುದೂ ಇಲ್ಲ. ಹಾಗಾಗಿ ಕೊಡು ಮತ್ತು ಕೋಡು, ಕೆರೆ ಮತ್ತು ಕೇರೆ ಆ ಕಿವಿಗೆ ಒಂದೇ ಮಾತಾಗಿ ಬೀಳುತ್ತವೆ.

ಮರಾಠಿ ತಾಸಿನಲ್ಲಿ ಪಾತ್ರ ಅದಲುಬದಲಾಗುತ್ತದೆ. ಅಲ್ಲಿ ಘರ ಎಂದು ಬರೆದಿದ್ದನ್ನು ಕೊನೆಯ ಸ್ವರ ನುಂಗಿ ಘರ್ ಎನ್ನಬೇಕು. ನಮ್ಮ ಕನ್ನಡದ ಮಗು ಬರೆದದ್ದನ್ನು ಬರೆದ ಹಾಗೆ ಓದುತ್ತದೆ. ನಾಲ್ಕು ಎಂಬರ್ಥದ ಚಾರ್ ಎನ್ನುವಾಗಿನ ಚಕಾರ ಬೇರೆ, ಗಾಲಿ ಎಂಬರ್ಥದ ಚಾಕ್ ಎನ್ನುವಾಗಿನ ಚಕಾರ ಬೇರೆ. ಎರಡನೆಯದರಲ್ಲಿ ನಾಲಗೆ ಹಲ್ಲಿಗೆ ತಾಗಿ ತ್ಸ ಎಂಬುದರ ಹತ್ತಿರಕ್ಕೆ ಹೋಗುತ್ತದೆ. ಬರೆಯುವ ಅಕ್ಷರ ಮಾತ್ರ ಒಂದೇ. ಇದನ್ನು ಯಾರೂ ಹೇಳಿಕೊಡದಿದ್ದರೆ ಮಗುವಿಗೆ ತಿಳಿಯುವುದಾದರೂ ಹೇಗೆ?

ಇಂಥಲ್ಲಿ ಸಾಮಾನ್ಯವಾಗಿ ಎರಡು ಬಗೆ ನಡೆಯುತ್ತದೆ. ಒಂದೋ ಮಗುವಿನ ನಾಲಗೆಯೇ ತಿರುಗುವುದಿಲ್ಲವೆಂದು ಕೈಬಿಡುವುದು, ಇಲ್ಲವೇ ತಪ್ಪಿದಾಗಲೆಲ್ಲ ಎಬ್ಬಿಸಿ ನಿಲ್ಲಿಸಿ ನಗೆಪಾಟಲು ಮಾಡುವುದು. ಎರಡರಿಂದಲೂ ಆಗುವುದು ಒಂದೇ: ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿದ ಮಗುವನ್ನು ತಂದೆತಾಯಿ ಒಂದೆರಡು ವರ್ಷ ನೋಡಿ, ಹೆಸರು ತೆಗೆಸಿ, ಬೇರೆ ಮಾಧ್ಯಮದ ಶಾಲೆಗೆ ಹಾಕುತ್ತಾರೆ. ಗಡಿಯ ಕನ್ನಡ ಶಾಲೆಗಳ ಪಟ ಇಳಿಯುವುದಕ್ಕೆ ನಾವು ಹತ್ತು ಕಾರಣ ಹೇಳುತ್ತೇವೆ, ಇದೊಂದನ್ನು ಹೇಳುವುದು ಕಡಿಮೆ.

ಕನ್ನಡ ಮನೆಮಾತಲ್ಲದ ಮಕ್ಕಳಿಗೆ ಕನ್ನಡ ಕಲಿಸುವುದರಲ್ಲೇ ಬದುಕು ಕಳೆದ ಒಬ್ಬ ದೊಡ್ಡ ಮಾಸ್ತರರಿದ್ದರು. ಅವರ ಮನೆಮಾತೂ ಕನ್ನಡವಾಗಿರಲಿಲ್ಲ. ಪಂಜೆ ಮಂಗೇಶರಾಯರೆಂದರೆ ನಮಗೆ ನಾಗರಹಾವಿನ ಪದ್ಯ ನೆನಪಾಗುತ್ತದೆ, ಅಲ್ಲಿಗೆ ಮುಗಿಯಿತು. ಅವರು ಕಲಿಸಿದ ಊರುಗಳು, ಆ ಊರುಗಳ ಮಾತುಗಳು ಯಾವುವೆಂದು ನೋಡಿದರೆ ಆ ಪದ್ಯಗಳು ಯಾಕೆ ಹಾಗಿವೆ ಎಂಬುದು ತಿಳಿಯುತ್ತದೆ.

ಪಂಜೆಯವರು ಹುಟ್ಟಿದ್ದು 1874ರ ಫೆಬ್ರುವರಿ 22ರಂದು, ದಕ್ಷಿಣ ಕನ್ನಡದ ಬಂಟವಾಳದಲ್ಲಿ, ನೇತ್ರಾವತಿ ಹೊಳೆಯ ದಂಡೆಯ ಊರಿನಲ್ಲಿ. ಮನೆಯವರು ಸಾರಸ್ವತರು, ಆಡುವ ಮಾತು ಕೊಂಕಣಿ. ಹೊರಗೆ ಬೀದಿಗೆ ಬಂದರೆ ತುಳು. ಶಾಲೆಗೆ ಹೋದರೆ ಕನ್ನಡ. ಮೇಲಿನ ತರಗತಿಗೆ ಇಂಗ್ಲಿಷ್, ಏಕೆಂದರೆ ಅದು ಮದ್ರಾಸ್ ಪ್ರಾಂತ್ಯದ ಜಿಲ್ಲೆ. ನಮ್ಮ ಕಡೆ ಕನ್ನಡ, ಮರಾಠಿ, ಉರ್ದು, ಲಂಬಾಣಿ ಒಂದೇ ಸಂತೆಯಲ್ಲಿ ತಿರುಗುವ ಹಾಗೆ ಅಲ್ಲಿ ಕೊಂಕಣಿ, ತುಳು, ಬ್ಯಾರಿ, ಮಲಯಾಳ, ಕನ್ನಡ ತಿರುಗುತ್ತವೆ.

ಕೊಂಕಣಿ ಮರಾಠಿಯ ಹತ್ತಿರದ ಸಂಬಂಧಿ. ಅದರಲ್ಲೂ ಹಲ್ಲಿಗೆ ತಾಗುವ ಚಕಾರವಿದೆ. ಮೂಗಿನಲ್ಲಿ ಹೊರಡುವ ಸ್ವರಗಳಿವೆ. ಎ, ಒಗಳಲ್ಲಿ ಭೇದವಿದೆ, ಆದರೆ ಅದು ಮುಖ್ಯವಾಗಿ ಬಾಯಿ ಎಷ್ಟು ತೆರೆಯಬೇಕು ಎಂಬುದರ ಭೇದ. ಕನ್ನಡದ್ದು ಎಷ್ಟು ಹೊತ್ತು ಎಳೆಯಬೇಕು ಎಂಬುದರದ್ದು. ಅಂದರೆ ಮರಾಠಿ ಮನೆಯ ನಮ್ಮ ಹುಡುಗಿ ಬೆಳೆ-ಬೇಳೆಯ ಮುಂದೆ ಎಲ್ಲಿ ನಿಲ್ಲುತ್ತಾಳೋ, ಕೊಂಕಣಿ ಮನೆಯ ಮಗುವೂ ಸುಮಾರಾಗಿ ಅಲ್ಲೇ ನಿಲ್ಲುತ್ತದೆ. ತುಳುವಿನ ಮಕ್ಕಳದ್ದು ಬೇರೆ ತೊಡಕು. ಆ ಭಾಷೆಯ ಸ್ವಂತ ಮಾತುಗಳಲ್ಲಿ ಮಹಾಪ್ರಾಣವಿಲ್ಲ. ಮಾತಿನ ಕೊನೆಗೆ ಕನ್ನಡದ ಉಕಾರವೂ ಅಲ್ಲದ, ಸ್ವರವಿಲ್ಲದ್ದೂ ಅಲ್ಲದ ಒಂದು ಅರ್ಧ ಉಕಾರ ಬರುತ್ತದೆ.

ತಂದೆ ರಾಮಪ್ಪಯ್ಯನವರು ಬೇಗ ತೀರಿಕೊಂಡರು. ದೊಡ್ಡ ಸಂಸಾರ, ಕೈಯಲ್ಲಿ ಕಾಸಿಲ್ಲ. ಮಂಗೇಶರಾಯರು ಮಂಗಳೂರಿಗೆ ಬಂದು, ಮನೆಪಾಠ ಹೇಳಿ ಮನೆಯವರನ್ನು ನೋಡಿಕೊಳ್ಳುತ್ತಲೇ ಓದಿದರು. ಶತಮಾನ ಮುಗಿಯುವ ಮುನ್ನವೇ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಕೊಂಕಣಿ ಮನೆಯ ಹುಡುಗ ಇಪ್ಪತ್ತರ ಹರೆಯ ದಾಟುವ ಮೊದಲೇ ಕನ್ನಡದ ಪಂಡಿತ! 1900ರಲ್ಲಿ ಸುವಾಸಿನಿ ಪತ್ರಿಕೆಯಲ್ಲಿ ಅವರ ಸಣ್ಣ ಕತೆಗಳು ಬಂದವು. ಕನ್ನಡದ ಮೊದಲ ಸಣ್ಣ ಕತೆಗಾರರ ಸಾಲಿನಲ್ಲಿ ಅವರನ್ನು ಸೇರಿಸುವುದು ಇವುಗಳ ಬಲದಿಂದ. ಬರೆಯುವಾಗ ಸ್ವಂತ ಹೆಸರು ಹಾಕುವುದು ಅವರಿಗೆ ಸೇರುತ್ತಿರಲಿಲ್ಲ. ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿ ರಾ.ಮ.ಪಂ. ಎಂದು ಸಹಿ ಹಾಕುತ್ತಿದ್ದರು, ಪದ್ಯಕ್ಕೆ ಕವಿಶಿಷ್ಯ ಎಂದು. ಕವಿ ಎಂದಲ್ಲ, ಕವಿಗಳ ಶಿಷ್ಯ.

ಆಮೇಲೆ ಅವರು ಶಾಲಾ ತಪಾಸಣೆಯ ಇಲಾಖೆಗೆ ಹೋದರು. ನಮ್ಮ ಕೇಂದ್ರ ಪ್ರಮುಖರು, ವಿಸ್ತಾರ ಅಧಿಕಾರಿಗಳು ಈಗ ಮಾಡುವ ಕೆಲಸವೇ, ಆದರೆ ಆಗ ದಾರಿಯಿಲ್ಲದ ಊರುಗಳಿಗೆ ನಡೆದು, ದೋಣಿಯಲ್ಲಿ, ಗಾಡಿಯಲ್ಲಿ ಹೋಗಬೇಕಿತ್ತು. ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆಂದರೆ ಶಾಲೆಗೆ ಶಾಲೆಯೇ ನಡುಗುವ ಕಾಲ. ಇವರು ಹೋದಲ್ಲಿ ಮಾತ್ರ ಬೇರೆಯೇ ನಡೆಯುತ್ತಿತ್ತೆಂದು ಅವರನ್ನು ಕಂಡವರು ಬರೆದಿಟ್ಟಿದ್ದಾರೆ. ಮಾಸ್ತರರ ತಪ್ಪು ಹುಡುಕುವ ಬದಲು ತಾವೇ ಮಕ್ಕಳ ನಡುವೆ ನಿಂತು, ಹಾಡಿ, ಕೈಬಾಯಿ ತಿರುಗಿಸಿ ಅಭಿನಯಿಸಿ, ಪಾಠ ಹೇಗೆ ಮಾಡಬಹುದೆಂದು ತೋರಿಸುತ್ತಿದ್ದರು. ಹಾವಿನ ಪದ್ಯವೆಂದರೆ ಕೈಯೇ ಹೆಡೆ.

ಆ ಹಾಡಿನೊಳಗೆ ಏನಿತ್ತು ಎಂಬುದರ ಮೇಲೆ ಸ್ವಲ್ಪ ನಿಲ್ಲೋಣ, ಮಾಸ್ತರರಿಗೆ ಉಪಯೋಗಕ್ಕೆ ಬರುವ ಭಾಗ ಇದು.

ಕನ್ನಡ ಪದ್ಯದ ಲೆಕ್ಕ ಮಾತ್ರೆಯದು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು; ಒತ್ತಕ್ಷರದ ಹಿಂದಿನ ಅಕ್ಷರ ಹ್ರಸ್ವವಾದರೂ ಅದಕ್ಕೆ ಎರಡು. ಈ ಲೆಕ್ಕದಲ್ಲಿ ಬೆಳೆ ಎರಡು ಮಾತ್ರೆ, ಬೇಳೆ ಮೂರು. ಕೊಡು ಎರಡು, ಕೋಡು ಮೂರು. ಕತೆ ಎರಡು, ಕತ್ತೆ ಮೂರು. ನಾಗರಹಾವಿನ ಪದ್ಯ ನಾಲ್ಕು ನಾಲ್ಕು ಮಾತ್ರೆಗಳ ನಡೆಯಲ್ಲಿದೆ. ಚಪ್ಪಾಳೆ ಹಾಕುತ್ತ ಹೇಳುವಾಗ ಮಗು ದೀರ್ಘವನ್ನು ಮೊಟಕು ಮಾಡಿದರೆ, ಒತ್ತನ್ನು ನುಂಗಿದರೆ, ತಾಳ ತಪ್ಪುತ್ತದೆ. ತಪ್ಪಿದ್ದು ಮಗುವಿಗೇ ತಿಳಿಯುತ್ತದೆ. ಮಾಸ್ತರರು ಎಬ್ಬಿಸಿ ನಿಲ್ಲಿಸಬೇಕಾಗಿಲ್ಲ. ಪಕ್ಕದ ಮಕ್ಕಳ ಚಪ್ಪಾಳೆ ಎಲ್ಲಿ ಬಿತ್ತು, ತನ್ನದು ಎಲ್ಲಿ ಬಿತ್ತು ಎಂದು ನೋಡಿಕೊಂಡು ಮಗು ತಾನೇ ಸರಿಮಾಡಿಕೊಳ್ಳುತ್ತದೆ. ಕೊಂಕಣಿಯ ಮಗುವಿಗೂ ಮರಾಠಿಯ ಮಗುವಿಗೂ ಕನ್ನಡದಲ್ಲಿ ಯಾವುದು ಕಷ್ಟವೋ, ಆ ಉದ್ದಗಿಡ್ಡದ ಭೇದವನ್ನೇ ತಾಳ ಹಿಡಿದು ತೋರಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈಗ ಮೊಬೈಲಿನಲ್ಲಿ ಬರುವ ಮಕ್ಕಳ ಪದ್ಯಗಳಲ್ಲಿ ಸಿನಿಮಾ ಧಾಟಿಗೆ ಹೊಂದಿಸಲು ಹ್ರಸ್ವವನ್ನೆಲ್ಲ ಎಳೆಯುತ್ತಾರೆ, ದೀರ್ಘವನ್ನು ಕುಗ್ಗಿಸುತ್ತಾರೆ. ಅಂಥ ಹಾಡಿನಿಂದ ಉಚ್ಚಾರ ಕಲಿಯುವುದಿರಲಿ, ಬಂದದ್ದೂ ಹೋಗುತ್ತದೆ. ರಾಗ ಬೇಡ, ಚಪ್ಪಾಳೆ ಸಾಕು.

ಪಂಜೆಯವರ ಮಕ್ಕಳ ಕತೆಗಳಲ್ಲೂ ಇಂಥದೇ ಒಂದು ಉಪಾಯವಿದೆ. ಸಿಗಡಿ ಯಾಕೆ ಒಣಗಲಿಲ್ಲ ಎಂಬ ಕತೆಯಲ್ಲಿ ಒಂದೇ ಪ್ರಶ್ನೆ ಒಬ್ಬರಿಂದ ಒಬ್ಬರಿಗೆ ದಾಟುತ್ತ ಹೋಗುತ್ತದೆ. ಪ್ರತಿಯೊಬ್ಬರೂ ಕಾರಣವನ್ನು ಇನ್ನೊಬ್ಬರ ಮೇಲೆ ಹಾಕುತ್ತಾರೆ. ನಮ್ಮ ಅಜ್ಜಿಯರು ಹೇಳುವ ಸರಪಳಿ ಕತೆಗಳ ಜಾತಿಯದು. ಪ್ರಶ್ನೆಯ ರೂಪ ಒಂದೇ, ಅದರಲ್ಲಿ ಕೂಡುವ ಮಾತು ಮಾತ್ರ ಬದಲು. ಕಂಠಪಾಠ ಎನ್ನಿಸದೆ ಮಗು ಅದೇ ವಾಕ್ಯವನ್ನು ಹತ್ತು ಸಲ ನುಡಿಯುತ್ತದೆ, ಮುಂದೇನಾಗುತ್ತದೆ ಎಂಬ ಕುತೂಹಲದಿಂದ ಹನ್ನೊಂದನೆಯ ಸಲವೂ ನುಡಿಯುತ್ತದೆ. ಹತ್ತು ಸಲ ಬರೆದು ತಾ ಎಂದರೆ ನಾಲಗೆಗೆ ಏನು ಬಂತು? ಕೈ ನೋಯುತ್ತದೆ ಅಷ್ಟೇ.

ಪಂಜೆಯವರು ಇದನ್ನು ಉಚ್ಚಾರ ಶಿಕ್ಷಣ ಎಂದು ಕರೆದು ಶಾಸ್ತ್ರ ಕಟ್ಟಲಿಲ್ಲ. ಆದರೆ ಶಾಸ್ತ್ರ ಬಲ್ಲವರೇ ಆಗಿದ್ದರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದೊಂದಿಗೆ ಅವರದು ಬಹುಕಾಲದ ಒಡನಾಟ. ಶಾಲೆಗಳಿಗೆ ಬೇಕಾದ ಪದ್ಯಪುಸ್ತಕ, ಪಾಠಪುಸ್ತಕಗಳನ್ನು ಸಿದ್ಧಪಡಿಸಿದರು. ಕಿಟ್ಟೆಲ್ ಸಾಹೇಬರು 1872ರಲ್ಲಿ ಅಚ್ಚು ಹಾಕಿಸಿದ್ದ ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ 1920ರಲ್ಲಿ ಮತ್ತೆ ಹೊರತರುವ ಕೆಲಸದಲ್ಲಿ ಕೈಯಿಟ್ಟವರೂ ಇವರೇ. ಹದಿಮೂರನೆಯ ಶತಮಾನದ ಆ ವ್ಯಾಕರಣ ಶುರುವಾಗುವುದೇ ಧ್ವನಿಯಿಂದ. ಉಸಿರು ಮೇಲೇರಿ ಕಹಳೆಯಂತೆ ಶಬ್ದವಾಗಿ ಹೊರಡುವ ಬಗೆಯನ್ನು ಹೇಳಿದ ಮೇಲೆಯೇ ಕೇಶಿರಾಜ ಅಕ್ಷರಗಳಿಗೆ ಬರುತ್ತಾನೆ. ಧ್ವನಿ ಮೊದಲು, ಬರಹ ಆಮೇಲೆ. ನಮ್ಮ ಶಾಲೆಗಳಲ್ಲಿ ಇದು ತಲೆಕೆಳಗಾಗಿ, ಅಕ್ಷರ ತಿದ್ದಿಸಿಯೇ ಬಾಯಿ ತೆರೆಸುತ್ತೇವೆ. ಶಬ್ದಮಣಿದರ್ಪಣ ತಿದ್ದಿದ ಕೈಯೇ ಹಾವು, ಇಲಿ, ಕರಡಿಗಳ ಕತೆಯನ್ನೂ ಬರೆಯಿತು ಎಂಬುದು ನನಗಂತೂ ಸಣ್ಣ ಸಂಗತಿ ಅನ್ನಿಸುವುದಿಲ್ಲ. ದೊಡ್ಡ ಪಂಡಿತರು ಸಾಮಾನ್ಯವಾಗಿ ಒಂದನೇ ಇಯತ್ತೆಯ ಕಡೆಗೆ ತಿರುಗಿ ನೋಡುವವರಲ್ಲ.

1921ರಲ್ಲಿ ಮಂಗಳೂರಿನಲ್ಲಿ ಗೆಳೆಯರ ಜೊತೆ ಸೇರಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಮಕ್ಕಳಿಗೆಂದೇ ಬೇರೆ ಪುಸ್ತಕ ಬೇಕು, ಅದು ಮಕ್ಕಳ ಬಾಯಿಗೆ ಒಗ್ಗುವ ಮಾತಿನಲ್ಲಿರಬೇಕು ಎಂಬ ವಿಚಾರ ಆಗ ಕನ್ನಡದಲ್ಲಿ ಹೊಸದು. 1924ರಲ್ಲಿ ತುಳುನಾಡಿನ ಅವಳಿ ವೀರರ ಕತೆಯನ್ನು ಕೋಟಿ ಚೆನ್ನಯ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ತುಳು ಮನೆಯಲ್ಲಿ ಪಾಡ್ದನ ಕೇಳಿ ಬೆಳೆದ ಹುಡುಗನಿಗೆ ಶಾಲೆಯ ಪುಸ್ತಕದಲ್ಲಿ ತನ್ನ ಮನೆಯ ಕತೆಯೇ ಸಿಕ್ಕಿತು. ಮನೆಮಾತನ್ನು ಹೊರಗಿಟ್ಟು ಬಾ ಎಂದು ಅವರು ಹೇಳಲಿಲ್ಲ. ನಮ್ಮ ತಾಂಡಾಗಳ ಹಾಡು, ಕತೆ ನಮ್ಮ ಯಾವ ಕನ್ನಡ ಪಾಠದಲ್ಲಿದೆ?

ಮುಂದೆ ಕೊಡಗಿಗೆ ಹೋಗಿ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅಲ್ಲಿ ಮತ್ತೆ ಹೊಸ ಮಾತು. ಕೊಡವ ತಕ್ಕಿನಲ್ಲಿ ಕನ್ನಡದಲ್ಲಿಲ್ಲದ ಸ್ವರಗಳಿವೆ, ತುಟಿ ದುಂಡಗೆ ಮಾಡದೆ ನಾಲಗೆಯನ್ನು ನಡುವೆ ಎತ್ತಿ ನುಡಿಯುವಂಥವು. ಶಾಲೆಯ ಭಾಷೆ ಕನ್ನಡವಾದರೂ ಎಷ್ಟೋ ಮಕ್ಕಳಿಗೆ ಅದು ಎರಡನೆಯದು. ಕೊಡಗಿನ ಸಂಬಂಧದಿಂದಲೇ ಹುತ್ತರಿಯ ಹಾಡು ಹುಟ್ಟಿತು. ಹೊಸ ಬತ್ತದ ಹಬ್ಬದ ಹೆಸರಿನಲ್ಲಿ ಆ ನಾಡನ್ನು, ಅದರ ಜನರನ್ನು ಕೊಂಡಾಡುವ ಆ ಹಾಡು ಸುಲಭದ್ದಲ್ಲ. ಅದರಲ್ಲಿ ದೊಡ್ಡ ದೊಡ್ಡ ಮಾತುಗಳಿವೆ, ಮಹಾಪ್ರಾಣ, ಒತ್ತಕ್ಷರ ಬೇಕಾದಷ್ಟಿವೆ. ಆದರೂ ಕೊಡಗಿನ ಮಕ್ಕಳು ಅದನ್ನು ತಮ್ಮದೆಂದು ಎತ್ತಿಕೊಂಡರು. ತನ್ನ ಊರಿನ ಹೆಮ್ಮೆಯ ಮಾತಾದರೆ ಮಗು ಕಷ್ಟದ ಅಕ್ಷರಕ್ಕೂ ಹೆದರುವುದಿಲ್ಲ. ಗುಡ್ಡಾಪುರದ ದಾನಮ್ಮನ ಜಾತ್ರೆಯಲ್ಲಿ ನಮ್ಮ ಕಡೆಯ ಸಣ್ಣ ಹುಡುಗರು ದೊಡ್ಡವರ ಜೊತೆ ದನಿಗೂಡಿಸಿ ಹಾಡುವುದನ್ನು ಕೇಳಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಇಷ್ಟರಿಂದ ಮಕ್ಕಳ ಉಚ್ಚಾರ ನಿಜವಾಗಿ ಎಷ್ಟು ಸುಧಾರಿಸುತ್ತದೆ ಎಂದು ಕೇಳುವವರಿದ್ದಾರೆ, ಕೇಳಲೂಬೇಕು. ಪಂಜೆಯವರ ಕಾಲದಲ್ಲಿ ಅಳೆದವರಿಲ್ಲ. ಈಚೆಗೆ ಅಳೆದಿದ್ದಾರೆ. ಜುನ್‌ಕ್ಯು ಲೀ, ಜುಹ್ಯುನ್ ಜಾಂಗ್, ಲೂಕ್ ಪ್ಲಾನ್ಸ್‌ಕಿ ಎಂಬ ಮೂವರು ಎರಡನೆಯ ಭಾಷೆಯ ಉಚ್ಚಾರ ಕಲಿಸುವುದರ ಬಗ್ಗೆ ನಡೆದ 86 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ತೂಗಿ 2015ರಲ್ಲಿ ಪ್ರಕಟಿಸಿದರು. ಕಲಿಸಿದರೆ ಬರುತ್ತದೆ, ಚೆನ್ನಾಗಿಯೇ ಬರುತ್ತದೆ ಎಂಬುದು ಅವರ ಲೆಕ್ಕದಿಂದ ಹೊರಟ ಮಾತು. ಹೆಚ್ಚು ದಿನ ಕಲಿಸಿದಲ್ಲಿ, ಎಲ್ಲಿ ತಪ್ಪಿತೆಂದು ಕಲಿಯುವವರಿಗೆ ತಿಳಿಸಿದಲ್ಲಿ ಫಲ ಹೆಚ್ಚು. ನಾಲಗೆ ತಿರುಗುವುದಿಲ್ಲವೆಂದು ಕೈಬಿಡುವುದಕ್ಕೆ ಇನ್ನು ನೆಪವಿಲ್ಲ ಎಂದಾಯಿತು.

ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಇದೆ. ಎದುರಿಗಿಟ್ಟ ಪದಗಳನ್ನು ಓದಿಸಿ ಪರೀಕ್ಷಿಸಿದಾಗ ಸುಧಾರಣೆ ಹೆಚ್ಚು ಕಾಣುತ್ತದೆ; ತಾನಾಗಿ ಮಾತಾಡಲು ಬಿಟ್ಟಾಗ ಅಷ್ಟು ಕಾಣುವುದಿಲ್ಲ. ಇದು ನಾವು ಶಾಲೆಯಲ್ಲಿ ದಿನವೂ ನೋಡುವುದೇ. ಪದ್ಯದಲ್ಲಿ ಬೇಳೆ ಎಂದು ಸರಿಯಾಗಿ ಎಳೆದ ಮಗು ಮಧ್ಯಾಹ್ನ ಊಟಕ್ಕೆ ಕೂತಾಗ ಬೆಳೆ ಸಾರು ಹಾಕಿರಿ ಎನ್ನುತ್ತದೆ. ಪದ್ಯ ಅರ್ಧ ದಾರಿ ಮಾತ್ರ ಮುಟ್ಟಿಸುತ್ತದೆ. ಉಳಿದರ್ಧ ಮಾತಾಡಿಯೇ ಆಗಬೇಕು, ಅದಕ್ಕೆ ಮಗು ಹೆದರದೆ ಬಾಯಿ ಬಿಡುವ ವಾತಾವರಣವಿರಬೇಕು. ಪದ್ಯದಿಂದಲೇ ಎಲ್ಲ ಆಗುತ್ತದೆ ಎಂದು ಪಂಜೆಯವರ ಹೆಸರಿನಲ್ಲಿ ಹೇಳಿದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ. ಅವರು ಕತೆ ಹೇಳಿಸುತ್ತಿದ್ದರು, ಪಾತ್ರ ಮಾಡಿಸುತ್ತಿದ್ದರು, ನಗಿಸುತ್ತಿದ್ದರು.

ತಪ್ಪು ಯಾವುದು, ಊರಿನ ಮಾತು ಯಾವುದು ಎಂಬುದನ್ನೂ ಮಾಸ್ತರರು ಬೇರೆ ಮಾಡಿಕೊಳ್ಳಬೇಕು. ಜತ್ತದ ಮಗು ಮನಿ, ಎಲಿ, ಬ್ಯಾಳಿ ಎನ್ನುವುದು ತಪ್ಪಲ್ಲ. ಅದು ನಮ್ಮ ಕಡೆಯ ಕನ್ನಡ. ಬಾಲಭಾರತಿಯ ಪುಸ್ತಕದಲ್ಲಿ ಮನೆ, ಎಲೆ, ಬೇಳೆ ಎಂದಿದ್ದರೆ ಅದನ್ನು ಪುಸ್ತಕದ ಮಾತೆಂದು ಕಲಿಸೋಣ, ಮನೆಯ ಮಾತನ್ನು ತಿದ್ದಲು ಹೋಗಬಾರದು. ಅರ್ಥ ಕೆಡಿಸುವ ತಪ್ಪುಗಳು ಬೇರೆ, ಅವು ಕೈಬೆರಳ ಮೇಲೆ ಎಣಿಸುವಷ್ಟಿವೆ: ಉದ್ದಗಿಡ್ಡ, ಒತ್ತು, ಲ-ಳ, ನ-ಣ, ಆಡು-ಹಾಡಿನ ಹಕಾರ. ವರ್ಷದಲ್ಲಿ ಅಷ್ಟನ್ನು ಹಿಡಿದು ಕೆಲಸ ಮಾಡಿದರೆ ಸಾಕಷ್ಟಾಯಿತು. ಮರಾಠಿಯ ಎರಡು ಚಕಾರಗಳಿಗೂ ಇದೇ ಮಾತು. 2020ರ ಕಾನೂನಿನಿಂದ ರಾಜ್ಯದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯವಾಗಿದೆ; ಕಲಿಯುವುದು ಹೇಗೂ ಕಲಿಯಬೇಕು, ತಾಲೂಕಿನ ಕಚೇರಿಯಲ್ಲಿ ನಿಂತು ಯಾರಿಂದಲೂ ನಗಿಸಿಕೊಳ್ಳದೆ ಮಾತಾಡುವಷ್ಟು ಚೆನ್ನಾಗಿಯೇ ಕಲಿಯಲಿ.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಅಲ್ಲಿ ಆಡಳಿತ ಉರ್ದುವಿನದು, ಮೇಲಿನ ಶಿಕ್ಷಣ ಉರ್ದುವಿನದು; 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಉರ್ದು ಮಾಧ್ಯಮದ್ದು. ಕನ್ನಡದ ಮಕ್ಕಳು ಬೇರೆ ಭಾಷೆಯ ಶಾಲೆಯಲ್ಲಿ ಬಾಯಿ ಮುಚ್ಚಿ ಕೂತಿದ್ದ ನಾಡಿನಲ್ಲಿ, ಕನ್ನಡ ಮನೆಮಾತಲ್ಲದವರೊಬ್ಬರು, ಅದರಲ್ಲೂ ಮಕ್ಕಳ ಪದ್ಯ ಬರೆದವರು, ಕನ್ನಡದ ದೊಡ್ಡ ಗದ್ದುಗೆಯಲ್ಲಿ ಕೂತರು. ಆ ಸಂಸ್ಥಾನದ ಕನ್ನಡ ಮಾಸ್ತರರಿಗೆ ಅದು ಏನನ್ನಿಸಿರಬೇಕೆಂದು ನಮ್ಮ ಗಡಿಯವರು ಊಹಿಸಬಲ್ಲರು.

ಮೂರು ವರ್ಷದ ಮೇಲೆ, 1937ರ ಅಕ್ಟೋಬರ್ 25ರಂದು, ಹೈದರಾಬಾದಿನಲ್ಲೇ ಅವರು ತೀರಿಕೊಂಡರು. ವಯಸ್ಸು 63. ಸುತ್ತಲೂ ಉರ್ದು, ತೆಲುಗು ಆಡುವ ಊರು. ಹುತ್ತರಿಯ ಹಾಡನ್ನು ಕೊಡಗಿನಲ್ಲಿ ಈಗಲೂ ಹಾಡುತ್ತಾರೆ, ಮನೆಯಲ್ಲಿ ಕನ್ನಡವಾಡದ ಮಕ್ಕಳೂ ದನಿ ಎತ್ತರಿಸಿ ಹಾಡುತ್ತಾರೆ.